ವಾಪಸ್ ಬಂದ ಒಂದೇ ಚಕ್ರ

ನಮ್ಮ ಅಂಗಡಿಯಿಂದ ಹೋದ ಚಕ್ರ ಅದೇ ತೂತಿಗೆ ವಾಪಸ್ ಬರುವುದಿಲ್ಲ. ಈ ಮಾತನ್ನು ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆಸೋಣ ಅಂತ ನಾನು ಎಷ್ಟೋ ಸಲ ಹಟ ಹಿಡಿದಿದ್ದೇನೆ. ಅಕ್ಕ ಒಪ್ಪಲಿಲ್ಲ. "ಕೆಲಸ ಮಾತಾಡ್ಬೇಕು ಕಣೇ" ಅಂದಳು. ಮಾತಾಡಲಿ, ಬೇಡ ಅಂದವರು ಯಾರು? ಆದರೆ ಅವಳ ಕೆಲಸಕ್ಕೂ ಅವಳ ಹಾಗೇ ಬಾಯಿ ಸಣ್ಣದು, ರಸ್ತೆಯಾಚೆ ಕೇಳಿಸುವುದಿಲ್ಲ. ಹಾಗಾಗಿ ಕೂಗುವ ಕೆಲಸವನ್ನು ನಾನೇ ವಹಿಸಿಕೊಂಡೆ.

ಸೈಕಲ್ ರಿಪೇರಿ ಅಂಗಡಿ ಅಪ್ಪನ ಕಾಲದ್ದು. ದಿಬ್ಬದ ರಸ್ತೆ ಇಳಿದು ಸಮತಟ್ಟಾಗುವ ಮೂಲೆಯಲ್ಲಿ, ಅಗಲ ಕಡಿಮೆ, ಉದ್ದ ಜಾಸ್ತಿ. ಒಳಗೆ ಗೋಡೆಯುದ್ದಕ್ಕೂ ಕೊಕ್ಕೆಗಳು, ಕೊಕ್ಕೆಗಳಿಗೆ ಚಕ್ರಗಳು, ಕೆಳಗೆ ನೀರಿನ ಬೋಗುಣಿ, ಎಣ್ಣೆ ಕುಡಿದು ಕಪ್ಪಾದ ಮರದ ಹಲಗೆ. ದಿಬ್ಬ ಇಳಿಯುವಾಗ ಬ್ರೇಕು ಹಿಡಿಯದವರೆಲ್ಲ ನೇರ ನಮ್ಮ ಬಾಗಿಲಿಗೇ ಬಂದು ನಿಲ್ಲುತ್ತಾರೆ. ಅಪ್ಪ ಜಾಗ ನೋಡಿಯೇ ಅಂಗಡಿ ಹಾಕಿದ್ದು. ನಮ್ಮಿಬ್ಬರಿಗೂ ಅವನು ಅಡ್ಡಹೆಸರು ಇಟ್ಟಿದ್ದ: ಅಕ್ಕ ಬ್ರೇಕು, ನಾನು ಬೆಲ್ಲು. ಅಕ್ಕ ಇಡೀ ದಿನ ನಾಲ್ಕು ಮಾತಾಡಿದರೆ ಹೆಚ್ಚು. ನನಗೆ ಬಾಯಿ ಮುಚ್ಚಿದರೆ ಉಸಿರು ಕಟ್ಟುತ್ತದೆ. ಕೋಪ ಬೇರೆ ಮೂಗಿನ ತುದಿಯಲ್ಲೇ. "ಒಂದು ಸೈಕಲ್ಲಿಗೆ ಎರಡೂ ಬೇಕಲ್ಲಪ್ಪ" ಅಂತ ಅಪ್ಪ ನಗುತ್ತಿದ್ದ. ಅವನು ಹೋದ ಮೇಲೆ ಅಕ್ಕ ಒಳಗಿನ ಕೆಲಸ ಹಿಡಿದಳು, ನಾನು ಮುಂದಿನ ಕಟ್ಟೆ ಹಿಡಿದೆ. ಗಿರಾಕಿಗಳ ಜೊತೆ ಜಗಳವಾಡುವುದಕ್ಕೂ ಒಬ್ಬರು ಬೇಕಲ್ಲ.

ಪಂಕ್ಚರ್ ಹಾಕುವುದು ಯಾರಿಗೆ ಬರುವುದಿಲ್ಲ ಹೇಳಿ. ಟೈರಿನಿಂದ ಟ್ಯೂಬು ಎಳೆದು, ಗಾಳಿ ತುಂಬಿ, ಬೋಗುಣಿಯ ನೀರಲ್ಲಿ ಮುಳುಗಿಸಿದರೆ ಗುಳ್ಳೆ ಎದ್ದ ಕಡೆ ತೂತು. ಅಲ್ಲಿ ಉಜ್ಜಿ, ಸೊಲ್ಯೂಷನ್ ಬಳಿದು, ಪ್ಯಾಚು ಒತ್ತಿದರೆ ಮುಗಿಯಿತು. ಮುಗಿಯಿತು ಅಂದುಕೊಂಡವನೇ ಕೆಟ್ಟ. ಏಕೆಂದರೆ ಆ ತೂತು ಮಾಡಿದ ಮುಳ್ಳೋ, ತಂತಿಯ ಚೂರೋ ಇನ್ನೂ ಟೈರಿನೊಳಗೇ ಕೂತಿರುತ್ತದೆ. ಅದನ್ನು ತೆಗೆಯದೆ ಚಕ್ರ ಕಟ್ಟಿಕೊಟ್ಟರೆ ಗಿರಾಕಿ ಎರಡು ಬೀದಿ ದಾಟುವುದರೊಳಗೆ ಮತ್ತೆ ಪುಸ್ಸ್. ಅದಕ್ಕೇ ಟೈರಿನ ಒಳಮೈಯಲ್ಲಿ ಬರಿಬೆರಳು ಆಡಿಸಬೇಕು, ನಿಧಾನವಾಗಿ, ಸುತ್ತ ಪೂರ್ತಿ. ಕಣ್ಣಿಗೆ ಕಾಣದ ಚೂರನ್ನೂ ಅಕ್ಕನ ಬೆರಳು ಹಿಡಿಯುತ್ತಿತ್ತು. ಹಿಡಿದು ಕಿತ್ತು, ಇನ್ನೇನೂ ಇಲ್ಲ ಅಂತ ಖಾತ್ರಿಯಾದಾಗ ಅವಳು "ಹಾಂ" ಅನ್ನುತ್ತಿದ್ದಳು, ಅಷ್ಟೇ. ಆ "ಹಾಂ" ಕೇಳಿಸಿದರೆ ನಾನು ಹೊರಗೆ ಗಿರಾಕಿಗೆ "ಆಯ್ತು, ಇನ್ನು ನಿಶ್ಚಿಂತೆ" ಅಂತ ಹೇಳಿಬಿಡುತ್ತಿದ್ದೆ.

ನಮ್ಮ ಹಾಗೇ ಸೈಕಲ್ ರಿಪೇರಿ ಮಾಡುವ ಎದುರಂಗಡಿಯವನು ಬೆರಳು ಆಡಿಸುತ್ತಿರಲಿಲ್ಲ. ಹಳೇ ಬಟ್ಟೆ ಚೂರನ್ನು ಟೈರಿನೊಳಗೆ ಸುತ್ತ ಎಳೆಯುತ್ತಿದ್ದ, ಎಲ್ಲಿ ಸಿಕ್ಕಿಕೊಂಡಿತೋ ಅಲ್ಲಿ ಮುಳ್ಳು. ಅದೂ ಒಂದು ದಾರಿಯೇ. ಆದರೆ ನಮ್ಮಕ್ಕ, ಯಾವತ್ತೂ ಯಾರ ಬಗ್ಗೆಯೂ ಕೆಟ್ಟ ಮಾತಾಡದ ನಮ್ಮಕ್ಕ, ಅದನ್ನು ಕಂಡಾಗಲೆಲ್ಲ ತುಟಿ ಓರೆ ಮಾಡುತ್ತಿದ್ದಳು. "ಬೆರಳಿಲ್ಲದವರಿಗೆ ಬಟ್ಟೆ" ಅನ್ನುತ್ತಿದ್ದಳು. ಅವಳಿಗಿದ್ದ ಜಂಬ ಅದೊಂದೇ, ಇರಲಿ ಬಿಡಿ ಅಂತ ನಾನೂ ಸುಮ್ಮನಿದ್ದೆ.

ಅಕ್ಕನಿಗೆ ಬೆನ್ನುನೋವು ಶುರುವಾದಾಗ ನಾವ್ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಬಗ್ಗಿ ಬಗ್ಗಿ ಕೆಲಸ ಮಾಡುವವರಿಗೆ ಬೆನ್ನು ನೋಯದೆ ಇನ್ನೇನು ಹಲ್ಲು ನೋಯುತ್ತದೆಯೇ? ಎಣ್ಣೆ ತಿಕ್ಕಿದೆವು, ಬಿಸಿನೀರಿನ ಚೀಲ ಇಟ್ಟೆವು, ಸೊಂಟಕ್ಕೆ ಪಟ್ಟಿ ಕಟ್ಟಿದೆವು. ಭಾವ, ಅಂದರೆ ಅಕ್ಕನ ಗಂಡ, ಬೇಕರಿಯ ಒಲೆ ಮುಂದೆ ಕೆಲಸ ಮಾಡುವವನು, ಸಾಧು ಮನುಷ್ಯ. ಏನು ಹೇಳಿದರೂ "ಹೂಂ" ಅನ್ನುವುದೇ ಅವನ ಭಾಷೆ. ಅವನೇ ಒಂದು ದಿನ ಬಾಯಿಬಿಟ್ಟು, "ಇವಳು ಮೆಟ್ಟಿಲು ಹತ್ತೋವಾಗ್ಲೂ ನಡುವೆ ಕೂತು ಏಳ್ತಾಳೆ, ಮುಖ ಬಿಳಿಚಿಕೊಂಡಿದೆ, ಇದು ಬರೀ ಬೆನ್ನಲ್ಲ" ಅಂದ. ಹೂಂ ಅನ್ನುವವನು ಅಷ್ಟುದ್ದ ಮಾತಾಡಿದ ಅಂದರೆ ಸಾಮಾನ್ಯ ವಿಷಯವಲ್ಲ. ಅವತ್ತೇ ಅಂಗಡಿಯ ಬಾಗಿಲು ಎಳೆದು ಆಸ್ಪತ್ರೆಗೆ ಹೋದೆವು.

ರಕ್ತ ನೋಡಿದರು, ಮೂತ್ರ ನೋಡಿದರು, ಬೆನ್ನಿನ ಚಿತ್ರ ತೆಗೆದರು, ಸೊಂಟದ ಮೂಳೆಯೊಳಗಿಂದ ಮಜ್ಜೆ ತೆಗೆದು ನೋಡಿದರು. ಆಮೇಲೆ ಡಾಕ್ಟ್ರಮ್ಮ ನಮ್ಮ ಮೂವರನ್ನೂ ಕೂರಿಸಿಕೊಂಡರು. ಕಾಯಿಲೆಯ ಹೆಸರು ಮಲ್ಟಿಪಲ್ ಮೈಲೋಮ. ಮೂಳೆಯೊಳಗಿನ ಮಜ್ಜೆ ಇದೆಯಲ್ಲ, ರಕ್ತ ಹುಟ್ಟುವ ಜಾಗ, ಅಲ್ಲಿ ಒಂದು ಜಾತಿಯ ಕಣ ದಾರಿ ತಪ್ಪಿ ಬೇಕಾಬಿಟ್ಟಿ ಬೆಳೆದಿದೆ. ಒಳ್ಳೆಯ ರಕ್ತಕ್ಕೆ ಜಾಗವಿಲ್ಲ, ಮೂಳೆ ಸವೆದಿದೆ, ಬೆನ್ನಿನ ಒಂದು ಮಣಿ ಚಪ್ಪಟೆಯಾಗಿದೆ. ರಕ್ತದ ಕ್ಯಾನ್ಸರ್‌ಗಳ ಪೈಕಿ ಒಂದು.

ಅಳಬೇಕಾದವಳು ಅಳಲಿಲ್ಲ, ನಾನು ಅತ್ತೆ. ಅಕ್ಕ ನನ್ನ ತೊಡೆಯ ಮೇಲೆ ಕೈಯಿಟ್ಟು ಡಾಕ್ಟ್ರಮ್ಮನನ್ನು ಕೇಳಿದಳು, "ಗುಣ ಆಗತ್ತಾ?"

"ಪೂರ್ತಿ ಹೋಗತ್ತೆ ಅಂತ ನಾನು ಸುಳ್ಳು ಹೇಳಲ್ಲಮ್ಮ. ಆದ್ರೆ ಹಿಡಿತದಲ್ಲಿ ಇಡೋಕೆ ಒಳ್ಳೊಳ್ಳೆ ಮದ್ದಿದೆ. ಮತ್ತೆ ತಲೆ ಎತ್ತಿದ್ರೆ ಮತ್ತೆ ತಗ್ಗಿಸ್ತೀವಿ. ವರ್ಷಗಟ್ಟಲೆ ಕೆಲಸ ಮಾಡ್ಕೊಂಡು ಇರೋರು ಇದ್ದಾರೆ."

"ಹಾಗಾದ್ರೆ ಸರ್ವೀಸಿಂಗ್ ಅನ್ನಿ" ಅಂದಳು ಅಕ್ಕ. "ತಪ್ಪದೆ ತಂದು ತೋರಿಸೋರ ಸೈಕಲ್ಲೇ ಎಲ್ಲಕ್ಕಿಂತ ಜಾಸ್ತಿ ಬಾಳೋದು."

ಅಳುತ್ತಿದ್ದ ನನಗೆ ನಗು ಬಂತು, ಮೂಗಿನಿಂದ ನೀರೂ ಬಂತು. ಡಾಕ್ಟ್ರಮ್ಮನೇ ಒರೆಸಿಕೊಳ್ಳಲು ಬಟ್ಟೆ ಕೊಟ್ಟರು. ಎಂಥ ಎದೆ ಇದು ಅಂತ ಅಕ್ಕನ ಮುಖ ನೋಡಿದೆ. ಅವತ್ತಿನಿಂದ ಇವತ್ತಿನವರೆಗೂ ಆ ಹೆಮ್ಮೆ ಇಳಿದಿಲ್ಲ.

ಚಿಕಿತ್ಸೆ ಶುರುವಾಯಿತು. ಹೊಟ್ಟೆಯ ಚರ್ಮದ ಕೆಳಗೆ ಸೂಜಿ, ಮನೆಯಲ್ಲಿ ನುಂಗಲು ಕ್ಯಾಪ್ಸೂಲು, ಮೂಳೆ ಗಟ್ಟಿಯಾಗಲು ಆಗಾಗ ನರಕ್ಕೆ ಏರಿಸುವ ಬಾಟಲಿ. ಇದಲ್ಲದೆ ವಾರಕ್ಕೊಂದು ದಿನ ಒಂದು ಹಿಡಿ ಸ್ಟೀರಾಯ್ಡ್ ಮಾತ್ರೆ. ಆ ಮಾತ್ರೆ ದಿನದ ಕಥೆ ಏನು ಹೇಳಲಿ! ನಾಲ್ಕು ಮಾತಿನ ನಮ್ಮಕ್ಕ ಅವತ್ತು ಬೆಳಗ್ಗೆ ಹಲ್ಲುಜ್ಜುವಾಗಲೇ ಶುರು ಮಾಡಿದರೆ ನಿಲ್ಲಿಸುತ್ತಿರಲಿಲ್ಲ. ಅಂಗಡಿಯ ಡಬ್ಬಿಗಳನ್ನೆಲ್ಲ ನೆಲಕ್ಕೆ ಸುರಿದು ತಿರುಪು, ಬಾಲ್ಸು ಬೇರೆ ಬೇರೆ ಮಾಡುತ್ತಿದ್ದಳು. ಗಿರಾಕಿಗಳಿಗೆ ಚೈನಿಗೆ ಎಣ್ಣೆ ಹಾಕದ ಪಾಪದ ಬಗ್ಗೆ ಪ್ರವಚನ ಕೊಡುತ್ತಿದ್ದಳು. ಒಬ್ಬನಿಗಂತೂ, "ನಿನ್ನ ಸೈಕಲ್ಲಿಗೆ ಬಾಯಿ ಇದ್ದಿದ್ರೆ ಪೊಲೀಸ್ ಸ್ಟೇಷನ್ನಿಗೆ ಹೋಗ್ತಿತ್ತು" ಅಂದುಬಿಟ್ಟಳು. ಆ ಮಾತು ನನ್ನ ಬಾಯಿಂದ ಬರಬೇಕಾಗಿತ್ತು, ಕದ್ದುಬಿಟ್ಟಳಲ್ಲ ಅಂತ ನನಗೆ ಹೊಟ್ಟೆಕಿಚ್ಚು.

"ಬ್ರೇಕು ಫೇಲು" ಅಂದೆ ಭಾವನಿಗೆ.

"ಹೂಂ. ಮಾತ್ರೆ ದಿನ ಎರಡೆರಡು ಬೆಲ್ಲು" ಅಂದ ಭಾವ, ಊಟದ ಡಬ್ಬಿ ಇಟ್ಟು ಬೇಕರಿಗೆ ಓಡಿದ.

ಮಾತ್ರೆಯ ಬಿಸಿ ಇಳಿದ ಮೇಲೆ ಅವಳು ಗಾಳಿ ಹೋದ ಟ್ಯೂಬಿನ ಹಾಗೆ ಮಲಗುತ್ತಿದ್ದಳು. ಆ ದಿನಗಳಲ್ಲಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಚಾಪೆ, ದಿಂಬು, ನೀರಿನ ಚೊಂಬು. ನಾನು ಚಕ್ರ ಬಿಚ್ಚಿ ಅವಳ ತೊಡೆಯ ಮೇಲಿಡುವುದು, ಅವಳು ಕೂತಲ್ಲೇ ಕಡ್ಡಿ ಬಿಗಿದು ಬೆಂಡು ತೆಗೆದು ಕೊಡುವುದು. ಭಾರ ಎತ್ತಬಾರದು ಅಂತ ಡಾಕ್ಟ್ರಮ್ಮ ಕಟ್ಟಪ್ಪಣೆ ಮಾಡಿದ್ದರು. ಸೈಕಲ್ಲನ್ನು ಸ್ಟ್ಯಾಂಡಿಗೆ ಏರಿಸುವುದು ನನ್ನ ಪಾಲಾಯಿತು. ಅಕ್ಕನಿಗೆ ಸೋಂಕು ತಗಲದ ಹಾಗೆ ಕೆಮ್ಮುವ ಗಿರಾಕಿಯನ್ನು ಬಾಗಿಲಿಂದಾಚೆ ನಿಲ್ಲಿಸುವುದೂ ನನ್ನದೇ, ಅದಂತೂ ನನಗೆ ಇಷ್ಟವಾದ ಕೆಲಸ.

ಬೆನ್ನಿನ ಮಣಿ ಕುಗ್ಗಿದ್ದರಿಂದ ಅಕ್ಕ ಕೊಂಚ ಗಿಡ್ಡಗಾಗಿದ್ದಳು. ಮೊದಲು ಕೈ ಚಾಚಿದರೆ ಸಿಗುತ್ತಿದ್ದ ಕೊಕ್ಕೆಗಳಿಗೆ ಈಗ ತುದಿಗಾಲ ಮೇಲೆ ನಿಲ್ಲಬೇಕಿತ್ತು. ಒಂದು ದಿನ ಅವಳು ಆಸ್ಪತ್ರೆಯಲ್ಲಿದ್ದಾಗ ನಾನು ಭಾವನನ್ನು ಕರೆದು ಕೊಕ್ಕೆಗಳನ್ನೆಲ್ಲ ಕಿತ್ತು ಒಂದು ಗೇಣು ಕೆಳಗೆ ಬಡಿಸಿದೆ, ಹಳೇ ತೂತಿಗೆ ಸುಣ್ಣ ಮೆತ್ತಿಸಿದೆ. ಅಕ್ಕ ಬಂದಳು, ಚಕ್ರ ಎತ್ತಿ ತೂಗುಹಾಕಿದಳು, ಗೋಡೆ ನೋಡಿದಳು.

"ಗೋಡೆ ಗಿಡ್ಡ ಆಗಿದೆಯಲ್ಲೇ?"

"ವಯಸ್ಸಾಯ್ತು ಅದಕ್ಕೆ" ಅಂದೆ. ಅಕ್ಕ ನನ್ನ ಕೆನ್ನೆಗೆ ಎಣ್ಣೆ ಬೆರಳಿಂದ ಒಂದು ಗೆರೆ ಎಳೆದು ಕೆಲಸಕ್ಕೆ ಕೂತಳು.

ಪ್ರತಿ ಸಲ ಸೂಜಿಗೆ ಮೊದಲು ಡಾಕ್ಟ್ರಮ್ಮ ತಪ್ಪದೆ ಒಂದು ಪ್ರಶ್ನೆ ಕೇಳುತ್ತಿದ್ದರು. "ಬೆರಳ ತುದಿ ಜುಮ್ಮೆನ್ನತ್ತಾ? ಜೋಮು ಹಿಡಿದ ಹಾಗೆ ಆಗತ್ತಾ? ಕಾಲಡಿ ಮರಗಟ್ಟತ್ತಾ?" ಈ ಮದ್ದು ಕಾಯಿಲೆಯ ಜೊತೆಗೆ ಬೆರಳಿನ ನರಗಳನ್ನೂ ಸ್ವಲ್ಪ ಮುಟ್ಟುತ್ತದಂತೆ. ಅಕ್ಕ ಪ್ರತಿ ಸಲವೂ "ಇಲ್ಲ" ಅನ್ನುತ್ತಿದ್ದಳು. ಪಕ್ಕದಲ್ಲೇ ಕೂತ ನಾನೂ ನಂಬಿದೆ. ಅವಳು ಸುಳ್ಳು ಹೇಳಿದ್ದನ್ನು ಹುಟ್ಟಿದಾಗಿನಿಂದ ಕೇಳಿದವಳಲ್ಲ ನಾನು. ರಕ್ತದಲ್ಲಿನ ಕೆಟ್ಟ ಅಂಶ ಪರೀಕ್ಷೆಯಿಂದ ಪರೀಕ್ಷೆಗೆ ಇಳಿಯುತ್ತಿತ್ತು, ನಾವೆಲ್ಲ ಖುಷಿಯಲ್ಲಿದ್ದೆವು.

ಕಣ್ಣಿದ್ದೂ ಕುರುಡು ಅನ್ನುವುದು ಇದಕ್ಕೇ. ಕೈಯಿಂದ ತಿರುಪು ಜಾರಿ ಬೀಳುತ್ತಿದ್ದವು, ಅಕ್ಕ "ಎಣ್ಣೆ ಕೈ" ಅನ್ನುತ್ತಿದ್ದಳು. ಗುಂಡಿ ಹಾಕಿಕೊಳ್ಳುವ ಅಂಗಿ ಬಿಟ್ಟು ತಲೆಯಿಂದ ಇಳಿಸುವ ಅಂಗಿ ತೊಡಲು ಶುರು ಮಾಡಿದಳು, "ಸೆಕೆ" ಅಂದಳು. ಚಹಾದ ಲೋಟವನ್ನು ಎರಡೂ ಕೈಯಿಂದ ಹಿಡಿಯುತ್ತಿದ್ದಳು, "ಚಳಿ" ಅಂದಳು. ಸೆಕೆ ಮತ್ತು ಚಳಿ ಎರಡೂ ಒಂದೇ ವಾರದಲ್ಲಿ! ಆಗಲಾದರೂ ನನಗೆ ಹೊಳೆಯಬಾರದಿತ್ತೇ?

ಹೊಳೆಯಿಸಿದವನು ಅಂಚೆಯಣ್ಣ. ನಮ್ಮ ಬೀದಿಗಳಿಗೆ ಟಪಾಲು ಹಂಚುವವನು, ಅಪ್ಪನ ಕಾಲದ ಗಿರಾಕಿ. ಬೆಳಗ್ಗೆ ಹಿಂದಿನ ಚಕ್ರ ಪಂಕ್ಚರ್ ಹಾಕಿಸಿಕೊಂಡು ಹೋದವನು ಮಧ್ಯಾಹ್ನ ಬಿಸಿಲಲ್ಲಿ ಸೈಕಲ್ ತಳ್ಳಿಕೊಂಡು ಬಂದ. ಅದೇ ಚಕ್ರ. ಟೈರು ನೆಲಕ್ಕಂಟಿತ್ತು.

"ಬೆಲ್ಲಮ್ಮ, ಯಾಕೋ ನಿಲ್ಲಲಿಲ್ಲ ನೋಡಿ" ಅಂದ, ಪಾಪ, ತಾನೇ ತಪ್ಪು ಮಾಡಿದವನ ಹಾಗೆ.

ನನಗೆ ಸರ್ರನೆ ಏರಿತು. "ನಮ್ಮ ಕೆಲಸ ನಿಲ್ಲದೆ ಇರೋದು ಉಂಟಾ? ಬೇರೆ ಮುಳ್ಳು ಚುಚ್ಚಿರತ್ತೆ. ನೀವು ಕಂಡಕಂಡ ಕಡೆ ನುಗ್ಗಿಸ್ತೀರ, ಆಮೇಲೆ ಅಂಗಡಿ ಮೇಲೆ ಹೇಳ್ತೀರ! ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ ಹಾಗೆ!"

"ಬೆಲ್ಲು" ಅಂದಳು ಅಕ್ಕ ಒಳಗಿಂದ. "ಚಕ್ರ ತಾ."

ಕೊಟ್ಟೆ. ಟ್ಯೂಬು ತೆಗೆದು ನೀರಿಗಿಟ್ಟಳು. ಬೆಳಗ್ಗೆ ಹಾಕಿದ ಪ್ಯಾಚಿನ ನಡುಮಧ್ಯದಿಂದಲೇ ಗುಳ್ಳೆ ಎದ್ದಿತು. ಅದೇ ಜಾಗ. ಅಕ್ಕ ಟೈರು ಎತ್ತಿಕೊಂಡು ಒಳಗೆ ಬೆರಳು ಆಡಿಸಿದಳು, ಒಂದು ಸುತ್ತು, ಇನ್ನೊಂದು ಸುತ್ತು. "ಹಾಂ" ಬರಲಿಲ್ಲ. ನನಗೆ ತಡೆಯಲಾಗಲಿಲ್ಲ, "ಕೊಡಿಲ್ಲಿ" ಅಂತ ಕಿತ್ತುಕೊಂಡು ನಾನು ಬೆರಳಿಟ್ಟೆ. ಇಟ್ಟ ಕೂಡಲೇ ಚುಚ್ಚಿತು. ಕೂದಲಿನಷ್ಟು ತೆಳ್ಳಗಿನ ತಂತಿಯ ಚೂರು. ಅಕ್ಕನ ಬೆರಳು ಅದರ ಮೇಲೆಯೇ ಎರಡು ಸಲ ಹಾದುಹೋಗಿತ್ತು.

ಇಷ್ಟು ಜೋರಾಗಿ ಚುಚ್ಚುತ್ತಿದೆ, ಇವಳಿಗೆ ಹೇಗೆ ಸಿಗಲಿಲ್ಲ ಅಂತ ತಿರುಗಿ ನೋಡಿದೆ. ಅಕ್ಕನ ತೋರುಬೆರಳ ತುದಿಯಿಂದ ರಕ್ತ ಇಳಿದು ಮಣಿಕಟ್ಟಿಗೆ ಬಂದಿತ್ತು. ಅವಳು ನನ್ನ ಮುಖ ನೋಡುತ್ತಿದ್ದಳು. ಚುಚ್ಚಿದ್ದೂ ಅವಳಿಗೆ ಗೊತ್ತಾಗಿರಲಿಲ್ಲ, ರಕ್ತ ಹರಿಯುತ್ತಿದ್ದುದೂ ಗೊತ್ತಾಗಿರಲಿಲ್ಲ. ನನ್ನ ಕಣ್ಣು ಹೋದ ಕಡೆ ತಾನೂ ನೋಡಿಕೊಂಡಳು, ತಕ್ಷಣ ಕೈಯನ್ನು ಅಂಗಿಯ ಅಂಚಿನಲ್ಲಿ ಸುತ್ತಿದಳು.

ಅಂಚೆಯಣ್ಣ ಬಾಗಿಲಲ್ಲಿ ನಿಂತು ಎಲ್ಲ ನೋಡಿದ. ನಾನು ಏನಾದರೂ ಹೇಳಿ ಮುಚ್ಚಿಹಾಕಬೇಕು ಅನ್ನುವಷ್ಟರಲ್ಲಿ ಅಕ್ಕ ಎದ್ದು ಅವನ ಮುಂದೆ ಹೋದಳು. "ಅಣ್ಣ, ರಸ್ತೆ ತಪ್ಪಲ್ಲ, ನಿಮ್ಮ ತಪ್ಪೂ ಅಲ್ಲ. ಬೆಳಿಗ್ಗೆ ನನ್ನ ಬೆರಳಿಗೆ ಮುಳ್ಳು ಸಿಗಲಿಲ್ಲ. ಈ ಬಿಸಿಲಲ್ಲಿ ನಿಮ್ಮನ್ನ ನಡೆಸಿಬಿಟ್ಟೆ" ಅಂದಳು. ಅಂಗಡಿಯಲ್ಲಿ ಬೇರೆ ಗಿರಾಕಿಗಳೂ ಇದ್ದರು, ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದಳು. ನಾನು ನೆಲ ನೋಡಿದೆ. ಡೊಂಕೇನೂ ಇರಲಿಲ್ಲ.

ನಾನೇ ಪ್ಯಾಚು ಹಾಕಿ ಅಂಚೆಯಣ್ಣನನ್ನು ಕಳಿಸಿ ಹಿಂದಿನ ಕೋಣೆಗೆ ಹೋದರೆ ಅಕ್ಕನ ಬೆರಳಿನ ರಕ್ತ ಇನ್ನೂ ನಿಂತಿರಲಿಲ್ಲ. ಮದ್ದಿನಿಂದ ರಕ್ತ ಹೆಪ್ಪುಗಟ್ಟುವುದೂ ನಿಧಾನವಾಗಿತ್ತು. ಹತ್ತಿಯಿಂದ ಒತ್ತಿ ಹಿಡಿದೆ. ಹಿಡಿದುಕೊಂಡೇ ಬೈದೆ.

"ಯಾವಾಗಿಂದ?"

"ಸುಮಾರು ದಿನ ಆಯ್ತು."

"ಡಾಕ್ಟ್ರಮ್ಮ ಪ್ರತಿ ಸಲ ಕೇಳ್ತಾರೆ! ಇಲ್ಲ, ಇಲ್ಲ, ಇಲ್ಲ ಅಂತ ಗಿಳಿ ಹಾಗೆ ಹೇಳ್ತಾ ಬಂದ್ಯಲ್ಲ! ನಿನ್ನ ಪಕ್ಕ ನಾನು ಕೂತಿರೋದು ಯಾಕೆ, ಕುರ್ಚಿ ಬೆಚ್ಚಗಿರಲಿ ಅಂತಾನಾ?"

ಅಕ್ಕ ಬಾಯಿಬಿಟ್ಟಳು. ಆಸ್ಪತ್ರೆಯ ಬೆಂಚಿನ ಮೇಲೆ ಒಬ್ಬಾಕೆ ಪರಿಚಯವಾಗಿದ್ದಳಂತೆ. ಕೈ ಜುಮ್ಮೆನ್ನುತ್ತದೆ ಅಂದಿದ್ದಕ್ಕೆ ಅವಳಿಗೆ ಮದ್ದು ಕಡಿಮೆ ಮಾಡಿದರಂತೆ. "ನನಗೆ ಕಾಯಿಲೆ ಇಳೀತಾ ಇದೆ. ಹೇಳಿದ್ರೆ ನಂಗೂ ಕಮ್ಮಿ ಮಾಡ್ತಾರೆ. ಕಮ್ಮಿ ಮಾಡಿದ್ರೆ ಅದು ಮತ್ತೆ ಎದ್ದು ಕೂರತ್ತೆ. ಬೆರಳು ಹೋದ್ರೆ ಹೋಗ್ಲಿ ಅಂದ್ಕೊಂಡೆ. ಜೀವ ಇದ್ರೆ ತಾನೇ ಬೆರಳು."

"ಆಮೇಲೆ ಅಂಗಡಿ?"

ಕಾಯಿಲೆಯ ಹೆಸರು ಕೇಳಿದಾಗ ಅಳದವಳು ಆವಾಗ ಅತ್ತಳು. "ನಂಗೆ ಇನ್ನೇನು ಬರತ್ತೆ ಬೆಲ್ಲು? ನಂಗೆ ಗೊತ್ತಿರೋದು ಇದೊಂದೇ" ಅಂದಳು. ನನ್ನ ಕೋಪ ಎಲ್ಲಿ ಹೋಯಿತೋ. ಅವಳ ತಲೆಯನ್ನು ಎದೆಗೊತ್ತಿಕೊಂಡೆ. ಸೊಲ್ಯೂಷನ್ ವಾಸನೆಯ ಆ ಕೂದಲು ಅಪ್ಪನ ನೆನಪು ತಂದಿತು.

"ನೀನೇ ಹೇಳ್ತೀಯೋ, ನಾನು ಹೇಳ್ಲೋ?" ಅಂದೆ ಆಮೇಲೆ.

"ನಾನೇ ಹೇಳ್ತೀನಿ. ನೀನು ಬಾಯಿ ಹಾಕ್ಬೇಡ."

ಮುಂದಿನ ಸೂಜಿಯ ದಿನ ಹೊರಡುವಾಗ ಅಕ್ಕನ ಚೀಲ ದಪ್ಪಗಿತ್ತು. ಏನದು ಅಂದರೆ ಹೇಳಲಿಲ್ಲ. ಡಾಕ್ಟ್ರಮ್ಮ ಎಂದಿನಂತೆ ಕೇಳಿದರು, "ಬೆರಳು ಹೇಗಿದೆಯಮ್ಮ?" ಅಷ್ಟು ದಿನ "ಇಲ್ಲ" ಅಂದ ನಾಲಿಗೆ ಸುಲಭಕ್ಕೆ ತಿರುಗಲಿಲ್ಲ. ಆಮೇಲೆ ಚೀಲಕ್ಕೆ ಕೈ ಹಾಕಿ ಟೈರಿನ ಒಂದು ತುಂಡು ತೆಗೆದು ಮೇಜಿನ ಮೇಲಿಟ್ಟಳು. ಹಳೇ ಟೈರು ಕತ್ತರಿಸಿ, ಅಂಚೆಯಣ್ಣನ ಚಕ್ರದಿಂದ ತೆಗೆದ ಅದೇ ತಂತಿಯನ್ನು ಹೊರಗಿಂದ ಚುಚ್ಚಿಕೊಂಡು ತಂದಿದ್ದಳು!

"ಡಾಕ್ಟ್ರೇ, ಒಳಗಡೆ ಮೆಲ್ಲಗೆ ಬೆರಳಾಡ್ಸಿ."

ಡಾಕ್ಟ್ರಮ್ಮ ವಿಚಿತ್ರವಾಗಿ ನೋಡಿದರು, ಆದರೂ ಆಡಿಸಿದರು. "ಅಬ್ಬಾ! ಏನೋ ಚುಚ್ಚಿತು."

"ನಿಮಗೆ ಸಿಕ್ತು. ನನಗೆ ಸಿಗಲಿಲ್ಲ" ಅಂದಳು ಅಕ್ಕ. "ಬೆಳಿಗ್ಗೆಯಿಂದ ಸಂಜೆವರೆಗೂ ನಾನು ಮಾಡೋ ಕೆಲಸ ಅದು."

ಡಾಕ್ಟ್ರಮ್ಮ ಟೈರಿನ ತುಂಡು ಕೆಳಗಿಟ್ಟರು. ಅಕ್ಕನ ಎರಡೂ ಕೈ ಹಿಡಿದು ಒಂದೊಂದೇ ಬೆರಳನ್ನು ಪರೀಕ್ಷೆ ಮಾಡಿದರು, ಕಾಲನ್ನೂ ನೋಡಿದರು. ಎಷ್ಟು ದಿನದಿಂದ, ಎಲ್ಲಿಯವರೆಗೆ ಅಂತ ಕೇಳಿಕೊಂಡರು. ಅಕ್ಕ ಈ ಸಲ ಒಂದನ್ನೂ ಬಚ್ಚಿಡಲಿಲ್ಲ, ಬೆಂಚಿನಾಕೆಯ ಮಾತನ್ನೂ ಹೇಳಿದಳು.

"ಅಂದ್ರೆ ಹಾವೂ ಸಾಯಬೇಕು, ಕೋಲೂ ಮುರೀಬಾರ್ದು. ಅಷ್ಟೇ ತಾನೇ ನಿಮಗೆ ಬೇಕಿರೋದು?" ಅಂದರು ಡಾಕ್ಟ್ರಮ್ಮ. ಅವರಿಗೆ ಕೋಪ ಬಂದಿತ್ತು. ಕೋಪದ ವಿಷಯದಲ್ಲಿ ನನ್ನ ಅನುಭವ ದೊಡ್ಡದು, ಅದು ಪ್ರೀತಿಯ ಕೋಪ ಅಂತ ನನಗೆ ಗೊತ್ತಾಯಿತು. "ನನಗೂ ಅದೇ ಬೇಕಮ್ಮ. ಅದಕ್ಕೇ ಪ್ರತಿ ಸಲ ಕೇಳೋದು. ಮದ್ದು ಕಮ್ಮಿ ಮಾಡೋದು ಅಂದ್ರೆ ನಿಮ್ಮನ್ನ ಕೈಬಿಡೋದಲ್ಲ. ನೀವು ಬಚ್ಚಿಟ್ಟು ನರ ಪೂರ್ತಿ ಕೆಟ್ಟಿದ್ರೆ ಈ ಮದ್ದನ್ನ ನಿಲ್ಲಿಸಲೇಬೇಕಾಗ್ತಿತ್ತು. ಆಗ ಎರಡೂ ಹೋಗ್ತಿತ್ತು. ಈಗ ಅಳತೆ ಇಳಿಸೋಣ, ಸೂಜಿಗಳ ನಡುವೆ ಅಂತರ ಹೆಚ್ಚಿಸೋಣ. ಸಾಲದು ಅನ್ನಿಸಿದ್ರೆ ಬೇರೆ ಮದ್ದಿದೆ. ರಕ್ತ ನೋಡ್ತಾ ಇರ್ತೀನಿ."

"ಬೆರಳು?"

"ತುಂಬ ಜನಕ್ಕೆ ನಿಧಾನವಾಗಿ ವಾಪಸ್ ಬರತ್ತೆ. ಕೆಲವರಿಗೆ ಪೂರ್ತಿ ಬರಲ್ಲ. ಅಲ್ಲಿವರೆಗೂ ಬಿಸಿ, ಚೂಪು ಎರಡರ ಹತ್ರಾನೂ ಹುಷಾರು. ಬೆರಳಿಗೆ ಗೊತ್ತಾಗದ್ದನ್ನ ಕಣ್ಣು ನೋಡ್ಬೇಕು."

ಅಕ್ಕ ತಲೆಯಾಡಿಸಿದಳು. ಟೈರಿನ ತುಂಡನ್ನು ವಾಪಸ್ ಚೀಲಕ್ಕೆ ಹಾಕಿಕೊಳ್ಳಲು ಹೋದಳು, ಡಾಕ್ಟ್ರಮ್ಮ ಕೊಡಲಿಲ್ಲ. "ಇದು ಇಲ್ಲೇ ಇರ್ಲಿ. ಇಲ್ಲ, ಇಲ್ಲ ಅನ್ನೋರು ನೀವೊಬ್ರೇ ಅಲ್ಲ" ಅಂದರು. ತಂತಿ ಮಾತ್ರ ಕಿತ್ತು ಹಾಕಿಸಿದರು. ಈಗಲೂ ಅವರ ಮೇಜಿನ ಮೇಲೆ ಕಾಗದ ಹಾರದ ಹಾಗೆ ಇಡುವುದಕ್ಕೆ ಅದೇ ತುಂಡು. ಹೊಸಬರು ಯಾರಾದರೂ ಇದೇನು ಅಂದರೆ ನಮ್ಮಕ್ಕನ ಕಥೆ ಹೇಳುತ್ತಾರಂತೆ. ಬೋರ್ಡು ಬೇಡ ಅಂದವಳಿಗೆ ಎಂಥ ಬೋರ್ಡು ನೋಡಿ!

ಆಸ್ಪತ್ರೆಯಿಂದ ಬಂದ ಮರುದಿನ ಅಕ್ಕ ನಮ್ಮ ಅಂಗಡಿಗೆ ಬರಲಿಲ್ಲ. ಎಲ್ಲಿ ಅಂತ ನೋಡಿದರೆ ರಸ್ತೆ ದಾಟುತ್ತಿದ್ದಾಳೆ. ನೇರ ಎದುರಂಗಡಿಗೆ! ಬಿಟ್ಟರೆ ಏನಾಗುತ್ತದೋ ಅಂತ ಹಿಂದೆಯೇ ಓಡಿದೆ.

"ಅಣ್ಣ, ಟೈರಲ್ಲಿ ಮುಳ್ಳು ಹುಡುಕೋಕೆ ನೀವು ಯಾವ ಬಟ್ಟೆ ಹಾಕ್ತೀರ?" ಅಂತ ಕೇಳುತ್ತಿದ್ದಳು.

ಅವನು ಅವಳನ್ನು ನೋಡಿದ, ನನ್ನನ್ನು ನೋಡಿದ. "ಬೆರಳಿಲ್ಲದವರಿಗೆ ಬಟ್ಟೆ ಅಂತ ಅಂದಿದ್ರಂತೆ?"

"ಅಂದಿದ್ದೆ. ಈಗ ನಂಗೇ ಬೆರಳಿಲ್ಲ" ಅಂದಳು ಅಕ್ಕ ನಗುತ್ತಾ.

ಅವನು ಎದ್ದ. ಒಳಗೆ ಹೋಗಿ ತೊಳೆದೂ ತೊಳೆದೂ ಮೆತ್ತಗಾದ ಹತ್ತಿ ಬಟ್ಟೆಯ ಚೂರೊಂದನ್ನು ತಂದುಕೊಟ್ಟ. ಹೇಗೆ ಮಡಿಸಬೇಕು, ಎರಡು ದಿಕ್ಕಿಗೂ ಯಾಕೆ ಎಳೆಯಬೇಕು ಅಂತ ತೋರಿಸಿದ. "ಹೊಸ ಬಟ್ಟೆ ಬೇಡ, ಜಾರತ್ತೆ" ಅಂದ. ಅಕ್ಕ ಶ್ರದ್ಧೆಯಿಂದ ಕಲಿತಳು. ನನ್ನಕ್ಕ ಸೋತು ಬಗ್ಗಿದಳು ಅಂತ ಆ ಬೀದಿಯಲ್ಲಿ ಯಾರಾದರೂ ಅಂದುಕೊಂಡಿದ್ದರೆ ಅವರಿಗೆ ಬುದ್ಧಿಯಿಲ್ಲ. ನನಗಂತೂ ಅವಳು ಅವತ್ತು ಗೋಡೆಯ ಕೊಕ್ಕೆಗಿಂತ ಎತ್ತರವಾಗಿ ಕಂಡಳು.

ಆಮೇಲೆ ದಿನಗಳು ಹಾಗೇ ನಡೆದವು. ಮದ್ದಿನ ಅಳತೆ ಇಳಿದರೂ ರಕ್ತದಲ್ಲಿನ ಕೆಟ್ಟ ಅಂಶ ಏರಲಿಲ್ಲ. ಪ್ರತಿ ಸಲ ಫಲಿತಾಂಶ ಬರುವವರೆಗೆ ಭಾವ ಬೇಕರಿಯಲ್ಲಿ ಬ್ರೆಡ್ಡು ಸೀಯಿಸುವುದು, ಬಂದ ಮೇಲೆ "ಹೂಂ" ಅನ್ನುವುದು ಅಭ್ಯಾಸವಾಯಿತು. ಅಕ್ಕ ಬಟ್ಟೆ ಎಳೆದು ಮುಳ್ಳು ಹುಡುಕಿದಳು, ಕನ್ನಡಕ ಹಾಕಿ ಕಣ್ಣಿಂದ ಮತ್ತೊಮ್ಮೆ ನೋಡಿದಳು, ಕೊನೆಗೆ ನನ್ನನ್ನು ಕರೆದು ನನ್ನ ಬೆರಳು ಆಡಿಸಿ ಖಾತ್ರಿ ಮಾಡಿಕೊಂಡಳು. ಮೊದಲಿಗಿಂತ ಹೊತ್ತು ಹಿಡಿಯುತ್ತಿತ್ತು. ಗೊಣಗಿದ ಗಿರಾಕಿಗಳನ್ನು ನಾನು ನೋಡಿಕೊಂಡೆ. ಬೆಂಡು ತೆಗೆಯುವಾಗ ಮಾತ್ರ ಅವಳಿಗೆ ಯಾರ ಸಹಾಯವೂ ಬೇಡ. ಕಡ್ಡಿಗಳನ್ನು ಮೀಟಿ ನಾದ ಕೇಳಿಯೇ ಯಾವುದು ಸಡಿಲ ಅಂತ ಹೇಳುತ್ತಾಳೆ. ಕಿವಿಗೆ ಯಾವ ಜೋಮೂ ಹಿಡಿದಿರಲಿಲ್ಲವಲ್ಲ.

ಇದೆಲ್ಲದರ ನಡುವೆ ನನಗೊಂದು ಕಾಟ ಶುರುವಾಯಿತು. ಹೊಸ ಗಿರಾಕಿ ಯಾರೇ ಬರಲಿ, ನಾನು ಹಳೇ ಅಭ್ಯಾಸದಂತೆ "ನಮ್ಮ ಅಂಗಡಿಯಿಂದ ಹೋದ ಚಕ್ರ ಅದೇ ತೂತಿಗೆ ವಾಪಸ್ ಬಂದಿದ್ದೇ ಇಲ್ಲ" ಅಂದರೆ ಸಾಕು, ಒಳಗಿಂದ ಅಕ್ಕನ ದನಿ ಬರುತ್ತದೆ: "ಒಂದು ಬಂದಿದೆ!" ಮಾತ್ರೆ ದಿನವಾದರೆ ಯಾರದು, ಯಾವತ್ತು, ಎಷ್ಟು ಬಿಸಿಲಿತ್ತು ಅಂತ ವಿವರವಾಗಿ ಬರುತ್ತದೆ. ವ್ಯಾಪಾರ ಮಾಡಬೇಕೋ ಬೇಡವೋ? ಎಷ್ಟು ಹೇಳಿದರೂ ಕೇಳುವುದಿಲ್ಲ.

ಮೊನ್ನೆಯೂ ಹಾಗೇ ಆಯಿತು. ಒಬ್ಬಳು ಟೀಚರು, ಈ ಬೀದಿಗೆ ಹೊಸಬಳು, ಪಂಕ್ಚರ್ ಆದ ಸೈಕಲ್ ತಂದಿದ್ದಳು. ಚಕ್ರ ಬಿಚ್ಚಿ ಒಳಗೆ ಕೊಟ್ಟು ಬಂದು, ಸ್ಟೂಲಿನ ಮೇಲೆ ಅವಳನ್ನು ಕೂರಿಸಿ, ಶುರು ಮಾಡಿದೆ. "ಮೇಡಂ, ಬೇರೆ ಕಡೆ ನನಗೆ ಗೊತ್ತಿಲ್ಲ, ನಮ್ಮಲ್ಲಿಂದ ಹೋದ ಚಕ್ರ ಇವತ್ತಿನವರೆಗೂ..."

"ಒಂದು ಬಂದಿದೆ!" ಅಂದಳು ಅಕ್ಕ ಒಳಗಿಂದ.

ಟೀಚರು ಗಾಬರಿಯಿಂದ ನನ್ನ ಮುಖ ನೋಡಿದಳು. ನಾನು ಹಲ್ಲು ಕಚ್ಚಿಕೊಂಡು, "ಒಂದು ಬಿಟ್ರೆ" ಅಂದೆ.

ಸ್ವಲ್ಪ ಹೊತ್ತಿಗೆ ಅಕ್ಕ ಒಳಗಿಂದ ಇದ್ದಕ್ಕಿದ್ದಂತೆ "ಅಯ್ಯೋ!" ಅಂತ ಕೂಗಿದಳು.

ಎಡವಿಕೊಂಡು ಒಳಗೆ ಓಡಿದೆ. ಬೆನ್ನೇನಾದರೂ ಮುರಿಯಿತೋ, ಬಿದ್ದಳೋ ಅಂತ. ಅಕ್ಕ ಹಲಗೆಯ ಮೇಲೆ ಕೂತಿದ್ದಳು. ತೊಡೆಯ ಮೇಲೆ ಟೈರು, ಬಟ್ಟೆ ಪಕ್ಕಕ್ಕೆ ಬಿದ್ದಿತ್ತು. ಎಡಗೈಯ ಕಿರುಬೆರಳನ್ನು ಎತ್ತಿ ಹಿಡಿದಿದ್ದಳು, ತುದಿಯಲ್ಲಿ ಒಂದು ಹನಿ ರಕ್ತ. ಅವಳ ಮುಖದಲ್ಲಿ ನಗು ಹಿಡಿಸುತ್ತಿರಲಿಲ್ಲ.

"ನೋವಾಯ್ತು ಕಣೇ!" ಅಂದಳು. "ಬೆಲ್ಲು, ನೋವಾಯ್ತು!"

ನಾನು ಬಾಯಿ ತೆರೆದೆ. ಹುಟ್ಟಿದಾಗಿನಿಂದ ಮೊದಲ ಸಲ ಮಾತು ಬರಲಿಲ್ಲ. ಹತ್ತಿ ಹುಡುಕಿ ತಂದು ಆ ಕಿರುಬೆರಳನ್ನು ಒತ್ತಿ ಹಿಡಿದೆ, ಕಣ್ಣಿಂದ ನೀರು ಸುರಿಯುತ್ತಿತ್ತು. ಅಕ್ಕ, "ಮೆಲ್ಲಗೆ, ನೋಯತ್ತೆ" ಅಂದಳು. ಅಂದು ಮತ್ತೆ ನಕ್ಕಳು.

ರಕ್ತ ನಿಂತ ಮೇಲೆ ಅವಳು ಆ ಮುಳ್ಳನ್ನು ಕಿತ್ತು ಅಂಗೈಯಲ್ಲಿಟ್ಟುಕೊಂಡು ನೋಡಿದಳು. ಬಟ್ಟೆಯನ್ನು ಎತ್ತಿಕೊಂಡು ಟೈರಿನೊಳಗೆ ಇನ್ನೊಂದು ಸುತ್ತು ಎಳೆದಳು, ಅದರ ಹಿಂದೆಯೇ ಕಿರುಬೆರಳು ಆಡಿಸಿದಳು, ನಿಧಾನವಾಗಿ, ಸುತ್ತ ಪೂರ್ತಿ.

"ಹಾಂ" ಅಂದಳು.

ನಾನು ಮುಖ ಒರೆಸಿಕೊಂಡು ಹೊರಗೆ ಬಂದು ಟೀಚರಿಗೆ ಹೇಳಿದೆ, "ಆಯ್ತು ಮೇಡಂ. ಇನ್ನು ನಿಶ್ಚಿಂತೆ."